ಬತ್ತೆ ಅಂದವನು

ಶಿರೂರು
9-12-2024

ಪ್ರೇಮಾನಂದನಿಗೆ,

ಕಾಗದ ಬರೆಯುವ ಕೆಲಸಕ್ಕೆ ನನ್ನನ್ನು ಹಚ್ಚಿದ್ದೀಯಲ್ಲ, ಮೊದಲು ಅದಕ್ಕೇ ನಿನಗೆ ಬೈಯಬೇಕು. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ತೆಂಗಿನಕಾಯಿ ಮೂಟೆಯ ಮೇಲೆ ಹೆಸರು ಬರೆಯುವುದು ಬಿಟ್ಟರೆ ಪೆನ್ನಿಗೂ ನನಗೂ ಸಂಬಂಧ ಇಲ್ಲ. ನಾಲ್ಕು ಸಾಲು ಬರೆಯುವಷ್ಟರಲ್ಲಿ ಹೆಬ್ಬೆರಳು ಸೆಟೆದುಕೊಳ್ಳುತ್ತದೆ. ಫೋನಿನಲ್ಲಿ ಮುಗಿಯುವ ಮಾತಿದು. ಆದರೆ ನೀನು ನನ್ನ ನಂಬರು ಬ್ಲಾಕ್ ಮಾಡಿಸಿದ್ದೀಯ. ನಿನ್ನ ಅಳಿಯ ನಿತೇಶನೇ ಹೇಳಿದ: "ಬಚ್ಚಣ್ಣ, ಮಾವಂಗೆ ಬೀಪಿ ಇತ್ತ್. ನೀವ್ ಬೆಳಿಗ್ಗೆ ಬೆಳಿಗ್ಗೆ ಫೋನ್ ಮಾಡಿ ಬೈದ್ರೆ ಏರತ್ತ್." ನನ್ನದು ಏರುವುದಿಲ್ಲವೋ? ಇರಲಿ. ಅಂಚೆಯವನನ್ನು ಬ್ಲಾಕ್ ಮಾಡಲು ನಿನ್ನಿಂದ ಆಗುವುದಿಲ್ಲ.

ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ. ಏನೂ ಆಗದವನ ಹಾಗೆ ಕೋಟೇಶ್ವರದ ಪೇಟೆಯಲ್ಲಿ ಬೆಂಡೆಕಾಯಿ ಮುರಿದು ನೋಡಿ ಆರಿಸುತ್ತಿದ್ದೆಯಂತೆ. ಹಾಗಾಗಿ ನೆನಪು ಮಾಡಿಕೊಡಬೇಕಾಗಿದೆ.

ನಿತೇಶ ಹೊಸ ದೋಣಿ ತಂದು, ಅಳಿವೆಯ ಬಾಯಿಯ ನಡುಗಡ್ಡೆ ಬತ್ತೇರಿ ಕುದ್ರುವಿಗೆ ಜನರನ್ನು ಕರೆದುಕೊಂಡು ಹೋಗಿ ಆ ಹಳೇ ಕಾವಲು ಗೋಪುರ ತೋರಿಸುವ ಕಸುಬು ಶುರು ಮಾಡಿದ. ಮೊದಲ ದಿನ ನೆಂಟರು, ದೋಸ್ತಿಗಳು ಬರಲಿ ಎಂದು ನೀನೇ ಕರೆದೆ. "ಹುಡ್ಗ್ರಾಯಿಪ್ಪತಿಗೆ ಈಜ್ಕಂಡ್ ಹೋತಿದ್ದ ಜಾಗ, ಇನ್ನೊಂದ್ಸಲ ಹತ್ತುವ ಮರಾಯ" ಎಂದೆ. ಬಂದೆ. ಮೊಣಕಾಲುದ್ದ ನೀರಿಗಿಳಿದು ದೋಣಿ ಹತ್ತಬೇಕಿತ್ತು, ನನ್ನ ಅಂಗಿಯ ಕಿಸೆ ಹರಿದಿತ್ತು, ಫೋನನ್ನು ನಿನ್ನ ಚೀಲಕ್ಕೆ ಹಾಕಿದೆ. ಝಿಪ್ ಎಳೆದವನು ನೀನೇ.

ಬತ್ತೇರಿ ಹತ್ತಿದೆವು. ಮುರಕಲ್ಲಿನ ಮೆಟ್ಟಿಲು, ಒಬ್ಬನೇ ಓರೆಯಾಗಿ ನುಸುಳುವಷ್ಟು ಅಗಲ. ಕೋವಿ ಇಡುವ ಕಿಂಡಿಗಳನ್ನು ತೋರಿಸಿ ನಿನ್ನ ಅಳಿಯ ಇದನ್ನು ಕಟ್ಟಿದ ಅರಸನ ಹೆಸರು ಹೇಳಿದ. ಇಳಿಯಲು ಹೊರಟಾಗ ಬೇರೊಬ್ಬ ಅರಸನ ಹೆಸರು ಹೇಳಿದ. ನನ್ನ ಮೊಣಕಾಲು ಹಿಡಿದುಕೊಂಡಿತ್ತು. ಮೇಲೆಯೇ ಗೋಡೆಗೆ ಬೆನ್ನು ಕೊಟ್ಟು ಕೂತೆ. ನೀವೆಲ್ಲ ಇಳಿದಿರಿ. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಬುಡದಿಂದ ನಿನ್ನ ಸ್ವರ ಬಂತು: "ಹ್ವಾಯ್ ಬಚ್ಚ, ಬತ್ತೆ."

"ಹೂಂ, ಬಾ" ಎಂದೆ ನಾನು.

ದೋಣಿ ತುಂಬಿದೆ, ಬಂದವರನ್ನು ದಡಕ್ಕೆ ಬಿಟ್ಟು ನನ್ನನ್ನು ಕರೆದುಕೊಂಡು ಹೋಗಲು ಬರುತ್ತೀಯ ಎಂದು ತಿಳಿದೆ. ಬತ್ತೆ ಎಂದರೆ ಬರುತ್ತೇನೆ. ಕೂತೆ. ನಿತೇಶನ ದೋಣಿ ಹೋಯಿತು. ಅಡಿಗೆ ಪಾತ್ರೆ ಹೇರಿಕೊಂಡು ನಮ್ಮೂರ ಸೂರನ ಸಣ್ಣ ದೋಣಿಯೂ ಹೋಯಿತು. ಹೊತ್ತು ಇಳಿಯಿತು, ಗಾಳಿ ಎದ್ದಿತು. ಹೆಗಲ ಮೇಲಿನ ಬೈರಾಸನ್ನು ಕೋಲಿಗೆ ಕಟ್ಟಿ ಬೀಸಿದೆ. ಆಚೆ ದಡದಲ್ಲಿ ಫೋಟೋ ತೆಗೆಯುತ್ತಿದ್ದವರು ನಾನು ಖುಷಿಗೆ ಬೀಸುತ್ತಿದ್ದೇನೆಂದು ತಿರುಗಿ ಕೈ ಬೀಸಿದರು. ಒಂದು ಹೆಣ್ಣುಮಗಳು ದುಪ್ಪಟ್ಟಾ ತೆಗೆದು ಬೀಸಿದಳು. ಮನೆಯಲ್ಲಿ ಹುಡುಕುವವರು ಇರಲಿಲ್ಲ, ಸರಸ ನಮ್ಮ ಮಗಳ ಮನೆಗೆ ಬ್ರಹ್ಮಾವರಕ್ಕೆ ಹೋಗಿದ್ದಳು. ಮರುದಿನ ಬೆಳಿಗ್ಗೆ ಚಿಪ್ಪು ಹೆಕ್ಕಲು ಬಂದವರು ನನ್ನನ್ನು ಇಳಿಸಿಕೊಂಡು ಬಂದರು.

ಅಷ್ಟರೊಳಗೆ ಹಾಲಾಡಿಯಲ್ಲಿ ನನ್ನ ತಂಗಿ ಅಪ್ಪಿ ಹೋಗಿಯಾಗಿತ್ತು. ದಡದಲ್ಲಿ ಸುದ್ದಿ ತಿಳಿದು, ನಾನು ಬಸ್ಸಿಳಿದು ಓಡುವಾಗ ಜನ ಸುಡುಗಾಡಿನಿಂದ ಹಿಂದೆ ಬರುತ್ತಿದ್ದರು. ಬಾಯಿಗೆ ನೀರು ಬಿಡಲಿಲ್ಲ. ತವರಿನಿಂದ ಹೊದೆಸಬೇಕಾದ ಸೀರೆಯನ್ನು ಪಕ್ಕದ ಮನೆಯವರು ತಂದು ಹೊದೆಸಿದರಂತೆ. ತವರು ಅಂತ ಅವಳಿಗಿದ್ದದ್ದು ನಾನೊಬ್ಬ.

ಉತ್ತರಕ್ರಿಯೆಯ ದಿನ ಬೊಜ್ಜದ ಊಟಕ್ಕೆ ಕೂತಾಗ ಅಪ್ಪಿಯ ಮಗಳು ವಿನಯಾ ಅನ್ನದ ಪಾತ್ರೆ ಹಿಡಿದು ಬಂದಳು. ನನ್ನ ಎಲೆಯ ಎದುರು ನಿಂತಳು. "ಫೋನಲ್ಲಿ ಅಮ್ಮಂಗೆ ಬತ್ತೆ ಅಂದ್ರಿ ಮಾವ. ಬಪ್ಪುದಿಲ್ಲ ಅಂತ ಗೊತ್ತಿದ್ದ್ ಎಂತಕ್ ಹೇಳ್ರಿ?" ಎಂದಳು. ಬಡಿಸದೆ ಮುಂದಿನ ಎಲೆಗೆ ಹೋದಳು. ನಾನು ಖಾಲಿ ಎಲೆ ಮಡಚಿ ಎದ್ದೆ. ಅದೇ ಕೊನೆ, ಅವಳು ಫೋನು ಎತ್ತುವುದಿಲ್ಲ, ಮುಖ ಕೊಡುವುದಿಲ್ಲ.

ನಾನು ಯಾರಿಗೂ ಬತ್ತೆ ಎನ್ನಲಿಲ್ಲ. ನನ್ನ ಫೋನು ಅವತ್ತು ನಿನ್ನ ಚೀಲದಲ್ಲಿತ್ತು. ಹಾಲಾಡಿಯ ಕರೆಯನ್ನು ಯಾರೋ ಎತ್ತಿ ಮಾತಾಡಿದ್ದು, ನೀನು ವಾಪಸ್ ಕಳಿಸಿದ ಫೋನಿನಲ್ಲೇ ತೋರಿಸುತ್ತದೆ. ನೀನಲ್ಲದೆ ಯಾರು?

ನಾನು ಹೋಗಿ ಹೇಳಿದರೆ ನೆಪ ಹೇಳುತ್ತಾನೆ ಎನ್ನುತ್ತಾಳೆ. ಹೇಳಬೇಕಾದವನು ನೀನು. ಹಾಲಾಡಿಗೆ ಹೋಗು. ವಿನಯಾಳ ಎದುರು ನಿಂತು, ಬತ್ತೆ ಅಂದವನು ನಾನು ಎಂದು ಹೇಳು. ಅಲ್ಲಿಯವರೆಗೆ ನನ್ನ ತೋಟದ ದಾರಿಯಿಲ್ಲ. ದೋಣಿ ಕಟ್ಟುವ ದಕ್ಕೆಗೆ ಹೋಗುವ ದಾರಿಗೆ ನಿನ್ನೆಯೇ ಮುಳ್ಳುತಂತಿ ಎಳೆದಿದ್ದೇನೆ. ನಿತೇಶ ತನ್ನ ಗಿರಾಕಿಗಳನ್ನು ಹೆಗಲ ಮೇಲೆ ಹೊತ್ತುಕೊಂಡು ಹೋಗಲಿ.

ಬಚ್ಚ


ಬೀಜಾಡಿ
16-12-2024

ಪ್ರಿಯ ಬಚ್ಚನಿಗೆ,

ನಿನ್ನ ಕಾಗದ ತಲುಪಿತು. ಅಪ್ಪಿಯ ವಿಷಯದಲ್ಲಿ ನನಗಾದ ದುಃಖವನ್ನು ನಾನು ಹೇಳಿಕೊಂಡರೂ ನೀನು ನಂಬುವ ಸ್ಥಿತಿಯಲ್ಲಿಲ್ಲ. ಆದ್ದರಿಂದ ನಡೆದದ್ದನ್ನು ಮಾತ್ರ ಬರೆಯುತ್ತೇನೆ.

ನಾನು ಬತ್ತೆ ಅಂದದ್ದು ಹೌದು. ಅಂಗಡಿ ಮೆಟ್ಟಿಲು ಇಳಿಯುವಾಗ, ನೆಂಟರ ಮನೆಯಿಂದ ಏಳುವಾಗ, ನಾವು ಬೇರೆ ಯಾವ ಮಾತು ಹೇಳುತ್ತೇವೆ? 'ಹೋತೆ' ಅಂದರೆ ನನ್ನ ಹೆತ್ತ ಅಬ್ಬಿ ಬಾಯಿಗೆ ಹೊಡೆಯುತ್ತಿದ್ದಳು, ನಿನ್ನ ಅಬ್ಬಿಯೂ ಹೊಡೆಯುತ್ತಿದ್ದಳು. ಬೀಜಾಡಿಗೆ ಹೊರಟವನು ನಾನು, ನಿನಗೆ ಹೇಳಿ ಹೊರಟೆ. ನಿನ್ನನ್ನು ಸೂರ ಕರೆದುಕೊಂಡು ಹೋಗುತ್ತಾನೆ ಎಂದುಕೊಂಡೆ. ನಿನ್ನ ಮನೆ ಅವನ ದಾರಿಯಲ್ಲೇ ಇದೆ. ನೀನು ದೊಡ್ಡ ದೋಣಿಯಲ್ಲಿ ಹೋದೆ ಎಂದು ಅವನು ತಿಳಿದ. "ಹೂಂ, ಬಾ" ಎಂದು ನೀನೂ ಹೇಳಿದೆಯಲ್ಲ, ಇನ್ನೊಮ್ಮೆ ಬಾ ಎನ್ನುತ್ತೀಯ ಎಂದು ನಾನು ತಿಳಿದೆ. ಇದರಲ್ಲಿ ಮೋಸ ಎಲ್ಲಿದೆ?

ದಾರಿ ಮುಚ್ಚಿದ್ದು ಸರಿಯಲ್ಲ. ನಿತೇಶನಿಗೆ ಮಳೆಗಾಲದವರೆಗೆ ಇರುವ ದುಡಿಮೆ ಇದೊಂದೇ. ಅವನು ನಿನಗೆ ಏನೂ ಮಾಡಿಲ್ಲ. ಮುಖಾಮುಖಿ ಕೂತು ಮಾತಾಡೋಣ.

ನಿನ್ನ,
ಪ್ರೇಮಾನಂದ


ಶಿರೂರು
21-12-2024

ಪ್ರೇಮಾನಂದನಿಗೆ,

ಪ್ರಿಯ ಎಂದು ಬರೆದಿದ್ದೀಯ. ಅದನ್ನು ಪೆನ್ನಿನಿಂದ ಹೊಡೆದು ಹಾಕಿದೆ, ಆಮೇಲೆ ಉಳಿದದ್ದನ್ನು ಓದಿದೆ.

ನಿನ್ನ ಕಾಗದವನ್ನು ಎರಡು ಸಲ ಓದಿದೆವು, ಒಮ್ಮೆ ನಾನು, ಒಮ್ಮೆ ಸರಸ. ಅಬ್ಬಿಯ ವಿಷಯ ಇದೆ, ಸೂರನ ವಿಷಯ ಇದೆ, ನಿತೇಶನ ದುಡಿಮೆಯ ವಿಷಯ ಇದೆ. ಫೋನಿನ ವಿಷಯ ಒಂದಕ್ಷರ ಇಲ್ಲ. ಬಟ್ಟೆ ಅಂಗಡಿ ಇಟ್ಟವನಲ್ಲವೇ ನೀನು, ತೂತಿರುವ ಕಡೆ ಮಡಚಿ ಇಟ್ಟು ತೋರಿಸುವುದು ಚೆನ್ನಾಗಿ ಗೊತ್ತು.

ಹೋಗುವಾಗ ಬತ್ತೆ ಎನ್ನುವುದು ಯಾವ ಸೀಮೆಯ ಹೊಸ ಸುದ್ದಿ? ಮನೆ ಬಾಗಿಲಲ್ಲಿ ಹೇಳುವ ಬತ್ತೆ ಬೇರೆ. ಸುತ್ತ ನೀರಿರುವ ಜಾಗದಲ್ಲಿ, ಕಾಲು ಹಿಡಿದು ಕೂತವನಿಗೆ, ದೋಣಿ ಹತ್ತುವವನು ಹೇಳುವ ಬತ್ತೆ ಬೇರೆ. ಇದು ತಿಳಿಯಲು ಕಾಲೇಜು ಮೆಟ್ಟಿಲು ಹತ್ತಬೇಕೋ?

ಇಲ್ಲಿ ನನ್ನ ಪಾಡು ಕೇಳು. ಚಹಾದ ಅಂಗಡಿಯಲ್ಲಿ ಮೊನ್ನೆ ಸೂರ ಏಳುವಾಗ ಹೇಳಿದ: "ಬಚ್ಚಣ್ಣ, ನಾನ್ ಹೋತೆ. ಬತ್ತಿಲ್ಲೆ. ಕಾದ್ಕಂಡ್ ಕೂಕಣ್ಬೇಡಿ." ಅಂಗಡಿಗೆ ಅಂಗಡಿಯೇ ನಕ್ಕಿತು. ಚಹಾ ಸೋಸುವವನು ಸೋಸುವುದು ಬಿಟ್ಟು ನಕ್ಕ. ನನ್ನ ತಂಗಿಯ ಬೂದಿ ಆರಲಿಲ್ಲ, ಅಷ್ಟರಲ್ಲಿ ನಾನು ನಗೆಯ ವಸ್ತು. ಸೂರನ ಲೆಕ್ಕ ಬೇರೆ ಇದೆ, ಅವನಿಗೆ ಆಮೇಲೆ ಕೊಡುತ್ತೇನೆ. ಮೊದಲು ನಿನ್ನದು.

ನಿತೇಶನ ದುಡಿಮೆ ಎಂದೆಯಲ್ಲ. ಮೊನ್ನೆ ಭಾನುವಾರ ಬ್ರಹ್ಮಾವರದಿಂದ ಬ್ಯಾಂಕಿನವರು ಎರಡು ಕಾರಿನಲ್ಲಿ ಬಂದಿದ್ದರು. ಬೇಲಿಯ ಹತ್ತಿರ ನಿಂತು, "ಬತ್ತೇರಿಗೆ ದೋಣಿ ಎಲ್ಲಿ ಸಿಗ್ತದೆ?" ಎಂದು ಕೇಳಿದರು. ನಾನು ಕಾಯಿ ಸುಲಿಯುತ್ತಾ ಇದ್ದೆ. "ಹೋಪುದ್ ಸುಲಭ, ದೋಣಿ ಇತ್ತ್. ಬಪ್ಪುದ್ ಮಾತ್ರ ಅವ್ರ್ ಮನಸ್ಸಿದ್ರೆ. ಹೋದ್ ತಿಂಗ್ಳ್ ಒಬ್ಬನ್ನ ಅಲ್ಲೇ ಬಿಟ್ಟ್ ಬಂದ್ರ್" ಎಂದೆ. ಒಬ್ಬಳು ಹೆಂಗಸು ಮಕ್ಕಳ ಕೈ ಹಿಡಿದು ಕಾರಿಗೆ ಹತ್ತಿಸಿದಳು. ಅವರು ತಿರುಗಿ ಹೋಗುವಾಗ ಎದ್ದ ಧೂಳು ನೋಡಿ ನನಗೆ ಎಷ್ಟೋ ದಿನಕ್ಕೆ ಹಸಿವಾಯಿತು. ಸರಸ ಕೇಳಿದಳು, "ಎಂತ, ಇವತ್ತ್ ಎರಡ್ ಸಲ ಹಾಕಿಸ್ಕಂಡ್ರಿ?" ಎಂದು.

ಹುಡುಗ ಏನೂ ಮಾಡಿಲ್ಲ, ಹೌದು. ಅಪ್ಪಿ ಏನು ಮಾಡಿದ್ದಳು?

ನನಗೆ ಮಲಗಿದಾಗ ಒಂದೇ ಯೋಚನೆ ಬರುತ್ತದೆ. ನಿನ್ನನ್ನು ಅದೇ ಬತ್ತೇರಿಗೆ ಹತ್ತಿಸಬೇಕು. ನಿನ್ನ ಮನೆಯಲ್ಲಿ ಯಾರಿಗಾದರೂ ಪ್ರಾಣ ಹೋಗುವ ಹೊತ್ತಾಗಿರಬೇಕು. ನಾನು ಕೆಳಗಿನಿಂದ ಬತ್ತೆ ಎಂದು ಕೂಗಿ ದೋಣಿ ಬಿಡಬೇಕು. ಇಂಥ ಯೋಚನೆ ಕೆಟ್ಟದ್ದು ಎಂದು ಸರಸ ಹೇಳುತ್ತಾಳೆ. ಕೆಟ್ಟದ್ದೇ. ಅದು ಬಂದರೆ ಮಾತ್ರ ನನಗೆ ನಿದ್ರೆ ಹತ್ತುತ್ತದೆ.

ಮುಖಾಮುಖಿ ಕೂರಲು ನಾನು ನಿನ್ನ ಬೀಗನಲ್ಲ. ಹಾಲಾಡಿಗೆ ಹೋಗು.

ಬಚ್ಚ


ಶಿರೂರು
12-1-2025

ಪ್ರೇಮಾನಂದನಿಗೆ,

ಉತ್ತರ ಇಲ್ಲ. ಬದಲಿಗೆ ಬೇಲಿಯ ತಂತಿ ಕಡಿದು ಹೋಗಿದೆ. ನೀನು ಕಡಿಸಿದೆಯೋ, ನಿತೇಶನ ದೋಸ್ತಿಗಳು ಕಡಿದರೋ ಕೇಳುವುದಿಲ್ಲ. ಈಗ ತಂತಿಯ ಜೊತೆಗೆ ಕೇದಗೆ ಮುಳ್ಳು ತುಂಬಿಸಿದ್ದೇನೆ. ಕಡಿಯುವವರು ಬರಲಿ, ಹಿಂದೆ ಹೋಗುವಾಗ ಮೈತುಂಬ ಗುರುತು ತೆಗೆದುಕೊಂಡು ಹೋಗಲಿ.

ಸಂಕ್ರಾಂತಿಗೆ ವಿನಯಾಳಿಗೆ ಕಾಯಿ, ಬೆಲ್ಲ ಕಳಿಸಿದೆ. ಅಪ್ಪಿ ಮದುವೆಯಾಗಿ ಹೋದ ವರ್ಷದಿಂದ ಒಂದು ವರ್ಷವೂ ತಪ್ಪಿಸಿದವನಲ್ಲ. ತೆಗೆದುಕೊಂಡು ಹೋದ ರಿಕ್ಷಾದವನು ಕಟ್ಟು ಬಿಚ್ಚದೆ ವಾಪಸ್ ತಂದುಕೊಟ್ಟ. "ಮಾವಂಗೆ ಕೊಡಿ, ಅವ್ರೇ ತಿನ್ಲಿ" ಅಂದಳಂತೆ. ಕಾಯಿ ಹಿತ್ತಿಲಿಗೆ ಎಸೆದೆ.

ಅದನ್ನೂ ನಿನ್ನ ಹೆಸರಿಗೆ ಬರೆದುಕೊಂಡಿದ್ದೇನೆ. ಫೋನು ಎತ್ತಿದವನು ನೀನು ಹೌದೋ ಅಲ್ಲವೋ? ಒಂದು ಮಾತು ಬರೆ.

ಬಚ್ಚ


ಬೀಜಾಡಿ
30-1-2025

ಬಚ್ಚನಿಗೆ,

ಬೇಲಿ ಕಡಿದವರು ಯಾರೆಂದು ನನಗೆ ನಿಜವಾಗಿ ಗೊತ್ತಿಲ್ಲ. ನಿತೇಶನನ್ನು ಕೇಳಿದೆ, ತಲೆ ತಗ್ಗಿಸಿದ. ಅದರಿಂದ ನೀನು ತಿಳಿಯಬೇಕಾದದ್ದನ್ನು ತಿಳಿದುಕೋ.

ಮೊನ್ನೆ ಮೇಲಿನ ದಂಡೆಯಿಂದ ಒಂದು ದೋಣಿ ಹಿಡಿದು ನಾನು ಬತ್ತೇರಿಗೆ ಹೋಗಿ ಬಂದೆ. ಒಬ್ಬನೇ ಮೇಲೆ ಹತ್ತಿ ನೀನು ಕೂತ ಜಾಗದಲ್ಲಿ ಕೂತೆ. ಅಲ್ಲಿಂದ ಎಲ್ಲವೂ ಕಾಣುತ್ತದೆ ಬಚ್ಚ. ನಿನ್ನ ತೋಟ ಕಾಣುತ್ತದೆ, ನೀನು ಹಾಕಿದ ಬೇಲಿ ಕಾಣುತ್ತದೆ, ಹೆದ್ದಾರಿಯಲ್ಲಿ ಕುಂದಾಪುರದ ಬಸ್ಸು ಹೋಗುವುದು ಕಾಣುತ್ತದೆ. ನಾನೂ ಬೈರಾಸು ಬೀಸಿ ನೋಡಿದೆ. ಬಲೆ ಒಣಗಿಸುತ್ತಿದ್ದವರು ತಲೆ ಎತ್ತಲಿಲ್ಲ.

ಫೋನು ಎತ್ತಿದವನು ನಾನು.

ಕಾರಿನಲ್ಲಿ ಬೀಜಾಡಿಯ ಕಡೆ ಬರುತ್ತಿದ್ದೆ. ಚೀಲದೊಳಗೆ ನಿನ್ನ ಫೋನು ಹೊಡೆದುಕೊಳ್ಳಲು ಶುರುವಾಯಿತು. ಅಯ್ಯೋ, ಇವನ ಫೋನು ನನ್ನ ಹತ್ತಿರವೇ ಉಳಿಯಿತಲ್ಲ ಎಂದು ಆಗಲೇ ನೆನಪಾದದ್ದು. ಎತ್ತಿ ಹಲೋ ಎಂದೆ. ಕಾರಿನ ಕಿಟಕಿ ತೆರೆದಿತ್ತು, ಗಾಳಿಯ ಗದ್ದಲ. ನಾನು ಯಾರೆಂದು ಹೇಳುವ ಮೊದಲೇ ವಿನಯಾ, "ಮಾವ, ಅಮ್ಮಂಗೆ ಕೊಡ್ತೆ, ಒಂದ್ ಮಾತಾಡಿ" ಎಂದು ಕೊಟ್ಟುಬಿಟ್ಟಳು. ಆ ಕಡೆಯಿಂದ ಅಪ್ಪಿ "ಅಣ್ಣಾ" ಅಂದಳು.

ನಾನು ಅಣ್ಣ ಅಲ್ಲ ಎಂದು ಹೇಳಬೇಕಿತ್ತು. ಬಾಯಿ ತೆರೆದೆ. ಅವಳು ಮಾತಾಡಲು ಶುರು ಮಾಡಿಯಾಗಿತ್ತು. ಸ್ವರ ಹೇಗಿತ್ತು ಎಂದು ನಿನಗೆ ಬರೆಯಲಾರೆ. ಹೇಳಿ ಮುಗಿಸಿ, "ಬತ್ಯಾ ಅಣ್ಣಾ?" ಅಂದಳು.

"ಬತ್ತೆ" ಅಂದೆ.

ಕೂಡಲೇ ನಿತೇಶನಿಗೆ ಫೋನು ಮಾಡಿ, ಬಚ್ಚನ ಮನೆಗೆ ಓಡು, ಹಾಲಾಡಿಗೆ ಹೋಗಲು ಹೇಳು ಎಂದೆ. ನಿನ್ನ ಮನೆಗೆ ಬೀಗ ಇತ್ತು. ನೀನು ಸುದ್ದಿ ತಿಳಿದು ಆಗಲೇ ಹೊರಟಿದ್ದೀಯ ಎಂದುಕೊಂಡ. ನಾನೂ ಹಾಗೆಯೇ ಅಂದುಕೊಂಡು ಊಟ ಮಾಡಿ ಮಲಗಿದೆ.

ಈಗ ನೀನು ಹೇಳಿದ ಹಾಗೆ ಹಾಲಾಡಿಗೆ ಹೋಗಿ ವಿನಯಾಳಿಗೆ ಇದನ್ನು ಹೇಳಲು ನನಗೆ ಹೆದರಿಕೆ ಇಲ್ಲ, ಅವಳು ಎರಡು ಹೊಡೆದರೂ ಹೊಡೆಸಿಕೊಳ್ಳುತ್ತೇನೆ. ಆದರೆ ನಾನು ಹೇಳಿದ ಮೇಲೆ ಅವಳ ಹತ್ತಿರ ಏನು ಉಳಿಯುತ್ತದೆ? ಅಣ್ಣನ ಸ್ವರ ಕೇಳಿದೆ ಎಂದುಕೊಂಡು ಅವಳ ತಾಯಿ ಹೋದಳು. ಅದು ಬೀಜಾಡಿಯ ಬಟ್ಟೆ ಅಂಗಡಿಯವನ ಸ್ವರ ಎಂದು ತಿಳಿಸಬೇಕೇ? ನಿನ್ನ ಎಲೆಗೆ ಅನ್ನ ಬೀಳಲಿ ಎಂದು?

ಒಂದು ಮಾತು ಕೇಳಬಾರದು ಎಂದು ಇಷ್ಟು ದಿನ ತಡೆದುಕೊಂಡಿದ್ದೆ. ಅಪ್ಪಿಗೆ ಕಾಯಿಲೆ ಅಷ್ಟು ಜೋರಿದೆ ಎಂದು ಗೊತ್ತಿದ್ದೂ ನೀನು ಅವತ್ತು ಬತ್ತೇರಿ ನೋಡಲು ಯಾಕೆ ಬಂದೆ?

ಪ್ರೇಮಾನಂದ


ಶಿರೂರು
5-2-2025

ಪ್ರೇಮಾನಂದ,

ಆ ಕೊನೇ ಪ್ರಶ್ನೆ ಕೇಳುವ ಬಾಯಿ ನಿನಗಿಲ್ಲ.

ಬತ್ತೇರಿಯಲ್ಲಿ ಕೂತೆನೆಂದು ನನಗೆ ಬರೆಯಬೇಡ. ಹಿಂದೆ ಬರುವ ದೋಣಿಯನ್ನು ಕೆಳಗೆ ಕಟ್ಟಿಟ್ಟು, ಕಿಸೆಯಲ್ಲಿ ಫೋನು ಇಟ್ಟುಕೊಂಡು ಕೂತವನಿಗೆ ಅಲ್ಲಿಂದ ಎಲ್ಲ ಕಾಣುತ್ತದೆ. ನನಗೆ ಕಂಡದ್ದು ನೀರು.

ಹೀಗೆ ಆಯಿತು ನೋಡು. ಮೊದಲು ನನ್ನ ದೋಣಿ ತಪ್ಪಿಸಿದೆ. ಆಮೇಲೆ ನನ್ನ ಸ್ವರ ತೆಗೆದುಕೊಂಡೆ. ನನ್ನ ತಂಗಿ ನನಗೆ ಹೇಳಬೇಕಾದದ್ದನ್ನು ನೀನು ಕೇಳಿಸಿಕೊಂಡೆ. ಈಗ ನಾನು ಸುಳ್ಳುಗಾರ ಎನಿಸಿಕೊಂಡು ಬಾಯಿ ಮುಚ್ಚಿಕೊಂಡಿರಬೇಕು, ಅದೇ ಧರ್ಮ ಎಂದು ನೀನೇ ಬುದ್ಧಿ ಹೇಳುತ್ತೀಯ. ಚೆನ್ನಾಗಿದೆ. ನೀನು ಸುಳ್ಳು ಹೇಳಿದರೆ ದಯೆ, ನಾನು ನಿಜ ಹೇಳಿದರೆ ಪಾಪ.

ನೀನು ಹೋಗುವುದು ಬೇಡ. ನಿನ್ನ ಕಾಗದವನ್ನು ಹಿಡಿದು ನಾನೇ ಹಾಲಾಡಿಗೆ ಹೋಗುತ್ತೇನೆ. ಹಲೋ ಅಂದದ್ದರಿಂದ ಹಿಡಿದು ಬತ್ತೆ ಅಂದದ್ದರವರೆಗೆ ಜೋರಾಗಿ ಓದಿ ಹೇಳುತ್ತೇನೆ. ಊಟ ಮಾಡಿ ಮಲಗಿದೆ ಎಂದು ಬರೆದಿದ್ದೀಯಲ್ಲ, ಅದನ್ನು ಎರಡು ಸಲ ಓದುತ್ತೇನೆ. ಆಮೇಲೆ ಹಾಲಾಡಿಯಲ್ಲಿ, ಶಿರೂರಿನಲ್ಲಿ, ನಿನ್ನ ಬೀಜಾಡಿಯಲ್ಲಿ ನೀನು ಯಾರ ಮುಖ ನೋಡುತ್ತೀಯ ನೋಡುತ್ತೇನೆ.

ಬಚ್ಚ


ಬೀಜಾಡಿ
10-2-2025

ಬಚ್ಚ,

ಹೋಗು. ಹೇಳು. ಇಷ್ಟು ದಿನ ಹೇಳಬೇಡ ಎಂದದ್ದು ನನಗೋಸ್ಕರವೋ ಅವಳಿಗೋಸ್ಕರವೋ ಎಂದು ಈಗ ನನಗೇ ಸರಿಯಾಗಿ ಗೊತ್ತಾಗುವುದಿಲ್ಲ.

ನಿನ್ನ ಕಾಲಿಗೆ ಬಸ್ಸು ಕಷ್ಟ. ಬೇಕಾದರೆ ನಿತೇಶ ಕಾರಿನಲ್ಲಿ ಬಿಡುತ್ತಾನೆ. ಬೇಲಿಯ ಮಾತು ಎತ್ತುವುದಿಲ್ಲ ಎಂದು ಅವನೇ ಹೇಳಿದ್ದಾನೆ.

ಪ್ರೇಮಾನಂದ


ಶಿರೂರು
3-3-2025

ಪ್ರೇಮಾನಂದನಿಗೆ,

ನಿನ್ನ ಅಳಿಯನ ಕಾರು ಹತ್ತುವ ಗತಿ ನನಗೆ ಬಂದಿಲ್ಲ. ಬಸ್ಸಿನಲ್ಲೇ ಹೋದೆ. ನಿನ್ನೆ ಭಾನುವಾರ.

ಹಾಲಾಡಿಯ ನಾಲ್ಕು ರಸ್ತೆ ಸೇರುವಲ್ಲಿ ವಿನಯಾಳ ಟೈಲರಿಂಗ್ ಅಂಗಡಿ ಇದೆ, ನಿನಗೆ ಗೊತ್ತಿಲ್ಲ. ಒಳಗೆ ಇಬ್ಬರು ಹೆಣ್ಣುಮಕ್ಕಳು ಅಳತೆ ಕೊಡಲು ನಿಂತಿದ್ದರು. ನಿನ್ನ ಕಾಗದ ನನ್ನ ಅಂಗಿಯ ಒಳಕಿಸೆಯಲ್ಲಿತ್ತು. ಬಸ್ಸಿನಲ್ಲಿ ಇಡೀ ದಾರಿ ಅದನ್ನು ಬಾಯಿಪಾಠ ಮಾಡಿದ್ದೆ. ನನ್ನನ್ನು ಕಂಡರೂ ಅವಳು ಮಿಷನ್ ನಿಲ್ಲಿಸಲಿಲ್ಲ.

"ಎಂತಕ್ ಬಂದ್ರಿ?" ಎಂದಳು.

"ಒಂದ್ ಮಾತ್ ಹೇಳುಕಿತ್ತ್."

"ಹೇಳಿ. ಕೈಯಾಗ್ ಕೆಲ್ಸ ಇತ್ತ್."

ಅಳತೆ ಕೊಡಲು ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಆಮೇಲೆ ಬರುತ್ತೇವೆ ಎಂದು ಹೊರಗೆ ಹೋದರು. ನಾನು ಕಿಸೆಗೆ ಕೈ ಹಾಕಿದೆ. ಅಷ್ಟರಲ್ಲಿ ಅವಳು ಮಿಷನ್ ನಿಲ್ಲಿಸಿದಳು.

"ನಾನೇ ಮೊದ್ಲ್ ಹೇಳ್ತೆ ಮಾವ" ಎಂದಳು. "ನಿಮ್ ಮೇಲೆ ನಂಗೆ ಸಿಟ್ಟ್ ಇದ್ದಿತ್ತ್. ಇನ್ನೂ ಇತ್ತ್. ಬತ್ತಿಲ್ಲೆ ಅಂತ ಹೇಳಿರೆ ಇಷ್ಟ್ ಸಿಟ್ಟ್ ಆತಿರ್ಲಿಲ್ಲ. ಆರೆ ಒಂದ್ ವಿಷ್ಯ. ಅವತ್ತ್ ಬೆಳಿಗ್ಗಿಂದ ಅಮ್ಮ ಬಾಗ್ಲೇ ಕಾಣ್ತಿದ್ರ್. ಯಾರ್ ಒಳ್ಗ್ ಬಂದ್ರೂ ಅಣ್ಣನಾ ಅಂತ ಕೇಣ್ತಿದ್ರ್. ನಿಮ್ ಸ್ವರ ಕೇಂಡ್ಮೇಲೆ ಬಾಗ್ಲ್ ಕಾಂಬುದ್ ಬಿಟ್ರ್. ಫೋನ್ ಎದಿ ಮೇಲ್ ಇಟ್ಕಂಡ್ ನೆಗಾಡ್ಕಂಡ್ ಮನಿಕಂಡ್ರ್. ಅದನ್ನ ನೆನ್ಸಿ, ಸಾಯ್ಲಿ ಅಂತ ನಿಮ್ಮನ್ನ ಇಷ್ಟಕ್ಕೇ ಬಿಟ್ಟದ್ದ್."

ಕಿಸೆಯಲ್ಲಿದ್ದ ಕೈ ಕಿಸೆಯಲ್ಲೇ ಉಳಿಯಿತು.

ನಾನು ಏನು ಹೇಳಿದೆ ಗೊತ್ತೇ? "ದೋಣಿ ಸಿಕ್ಲಿಲ್ಲ ಮಗ" ಎಂದೆ. ಅಷ್ಟೇ. ಅದು ನಿಜವೇ. ಉಳಿದದ್ದೆಲ್ಲ ನುಂಗಿದೆ. ನಿನ್ನ ಸುಳ್ಳನ್ನು ನಾನು ನನ್ನದು ಎಂದು ಒಪ್ಪಿಕೊಂಡ ಹಾಗಾಯಿತು. ನಿನಗೆ ಗೆದ್ದೆ ಎನಿಸುತ್ತದೆಯೋ ಏನೋ. ಆ ಸುಳ್ಳು ನನ್ನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ನಿಂತಿದೆ, ಉಗುಳಿದರೆ ಅವಳಿಗೆ ನೋವು, ನುಂಗಿದರೆ ನನಗೆ. ಇದನ್ನು ಇಟ್ಟವನು ನೀನು. ನಿನ್ನನ್ನು ಬಿಟ್ಟೆ ಎಂದು ಮಾತ್ರ ತಿಳಿಯಬೇಡ. ನಾನು ಬದುಕಿರುವವರೆಗೆ ನಿನ್ನ ಮನೆಯ ಮದುವೆಗೆ ಬರುವುದಿಲ್ಲ, ಹೆಣಕ್ಕೂ ಬರುವುದಿಲ್ಲ.

ಅವಳು ಒಳಗೆ ಕರೆದು ಚಹಾ ಮಾಡಿ ಕೊಟ್ಟಳು. ಸಕ್ಕರೆ ಹಾಕಲಿಲ್ಲ, ನನಗೆ ಸಕ್ಕರೆ ಕಾಯಿಲೆ ಎಂದು ಮರೆತಿರಲಿಲ್ಲ. ಲೋಟ ಕೈಗೆ ಕೊಡುವಾಗ ಕೇಳಿದಳು:

"ಮಾವ, ಅಮ್ಮ ನಿಮ್ಗೆ ಎಂತ ಹೇಳ್ರ್?"

"ಎಂತ?" ಎಂದೆ.

"ಫೋನಲ್ಲಿ. ನಾನ್ ಫೋನ್ ಅವ್ರ್ ಕಿವಿಗಿಟ್ಟ್ ಒಳ್ಗಿಂದ ಬಿಸ್ನೀರ್ ತಪ್ಪುಕ್ ಹೋದೆ. ತಿರ್ಗಿ ಬಪ್ಪತಿಗೆ ಕಡೀ ಮಾತ್ ಮಾತ್ರ ಕೇಂಡದ್ದ್, ಬತ್ಯಾ ಅಂತ, ನೀವ್ ಬತ್ತೆ ಅಂದದ್ದ್. ಅದ್ಕೂ ಮೊದ್ಲ್ ಎಂತೆಂತದೋ ಹೇಳ್ತಿದ್ರ್. ಆಮೇಲ್ ಅವ್ರ್ ಮಾತೇ ಆಡ್ಲಿಲ್ಲ. ಅದ್ ಎಂತದಂತ ನಂಗ್ ಗೊತ್ತಾಯ್ಕ್. ನನ್ ವಿಷ್ಯ ಎಂತಾರೂ ಹೇಳ್ರಾ?"

ಲೋಟ ಬಿಸಿಯಿತ್ತು. ಕೆಳಗಿಟ್ಟೆ. ನನ್ನ ತಂಗಿ ಕೊನೆಗೆ ಏನು ಹೇಳಿದಳು ಎಂದು ಅವಳ ಮಗಳು ನನ್ನನ್ನು ಕೇಳುತ್ತಿದ್ದಾಳೆ, ಬೀಜಾಡಿಯಲ್ಲಿ ಕೂತವನಿಗೆ ಮಾತ್ರ ಅದು ಗೊತ್ತು. ನನ್ನ ಜನ್ಮದಲ್ಲಿ ಇಷ್ಟು ಸಿಟ್ಟು ಬಂದದ್ದಿಲ್ಲ. ಆ ಸಿಟ್ಟಿನಲ್ಲಿ ಕಣ್ಣಿನಲ್ಲಿ ನೀರು ಬಂತು. ಅವಳು ಬೇರೆ ಏನೋ ತಿಳಿದು ಸೆರಗಿನಿಂದ ಮುಖ ಒರೆಸಿಕೊಂಡಳು.

"ಇವತ್ತ್ ಹೇಳುಕ್ ಆತಿಲ್ಲೆ ಮಗ. ಹದ್ನಾರ್ನೇ ತಾರೀಕ್ ಭಾನುವಾರ ಬತ್ತೆ. ಕೂಕಂಡ್ ಪೂರ ಹೇಳ್ತೆ" ಎಂದೆ.

"ಸತ್ಯ ಬತ್ರಿಯಾ?" ಎಂದಳು.

ಈ ಪ್ರಶ್ನೆಯನ್ನು ನನ್ನ ತಂಗಿಯ ಮಗಳು ನನಗೆ ಕೇಳುವ ಹಾಗೆ ಮಾಡಿದವನು ನೀನು.

ಈಗ ನನಗೆ ಬೇಕಾದದ್ದು ಕೇಳು. ನಿನ್ನ ಕಾಗದವನ್ನು ಮತ್ತೆ ತೆಗೆದು ನೋಡಿದೆ. ಅಪ್ಪಿ ಅಣ್ಣಾ ಅಂದಳು ಎಂದು ಬರೆದಿದ್ದೀಯ. ಬತ್ಯಾ ಅಂದಳು ಎಂದು ಬರೆದಿದ್ದೀಯ. ನಡುವೆ 'ಹೇಳಿ ಮುಗಿಸಿ' ಎಂದು ಎರಡು ಮಾತಿನಲ್ಲಿ ದಾಟಿಸಿದ್ದೀಯ. ಆ ನಡುವಿನದು ನನ್ನದು. ಅದನ್ನು ನನಗೆ ಹೇಳಿದ್ದು, ನಿನಗಲ್ಲ. ಕಾಗದದಲ್ಲಿ ಬರೆದು ಕಳಿಸು. ಅವಳು ಆಡಿದ ಹಾಗೆಯೇ ಬರೆ, ನಿನ್ನ ಅಂಗಡಿ ಕನ್ನಡಕ್ಕೆ ತಿದ್ದಬೇಡ. ಎಲ್ಲಿ ಉಸಿರು ಕಟ್ಟಿ ನಿಲ್ಲಿಸಿದಳೋ ಅಲ್ಲಿ ನಿಲ್ಲಿಸಿದಳು ಎಂದು ಬರೆ. ಅರ್ಥವಾಗದ ಮಾತಿದ್ದರೆ ಅರ್ಥವಾಗಲಿಲ್ಲ ಎಂದು ಬರೆ. ಚಂದ ಮಾಡಲು ನಿನ್ನದೊಂದು ಮಾತು ಸೇರಿಸಿದರೆ ನನಗೆ ಗೊತ್ತಾಗುತ್ತದೆ, ಅವಳನ್ನು ಎತ್ತಿ ಬೆಳೆಸಿದವನು ನಾನು. ನನ್ನನ್ನು ಬೈದಿದ್ದರೆ ಬೈದದ್ದನ್ನೇ ಬರೆ. ನಾನು ಯಾಕೆ ಬರಲಿಲ್ಲ ಎಂದು ಕೇಳಿದ್ದರೆ, ಅದನ್ನೂ ಬರೆ.

ಫೋನು ಮಾಡಬೇಡ. ನಿನ್ನ ಸ್ವರದಲ್ಲಿ ಅದನ್ನು ಕೇಳಲು ನನ್ನಿಂದ ಆಗುವುದಿಲ್ಲ. ನಿತೇಶನ ಕೈಯಲ್ಲಿ ಕಳಿಸಬೇಡ, ಬೇಲಿ ಹಾಗೆಯೇ ಇದೆ. ರಿಜಿಸ್ಟರ್ ಮಾಡಿ ಅಂಚೆಗೆ ಹಾಕು.

ಮಾರ್ಚ್ ಹದಿನಾಲ್ಕನೇ ತಾರೀಖಿನೊಳಗೆ ಉತ್ತರ ನನ್ನ ಕೈಯಲ್ಲಿರಬೇಕು.

ಬಚ್ಚ